ಆಫ್ ಮಾಡಬೇಡಿ ಮೇಡಂ

ಭದ್ರಾವತಿಯಲ್ಲಿ ನನಗೆ ಟೈಪಿಂಗ್ ಕಲಿಸಿದ ಮೇಡಂ ಈಗ ಅದೇ ಕಟ್ಟಡದಲ್ಲಿ ಕಂಪ್ಯೂಟರ್ ಪರೀಕ್ಷಾ ಕೇಂದ್ರ ನಡೆಸುತ್ತಾರೆ. ಟೈಪ್‌ರೈಟರುಗಳ ಕಾಲ ಮುಗಿದರೂ ಬಾಗಿಲು ಹಾಕದ ಹಠ ಅವರದು. ದಸರಾ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಅವರ ಫೋನ್ ಬಂತು.

"ಎಲ್ಲಿದ್ದೀಯೆ ಮಾರಾಯ್ತಿ? ಪರೀಕ್ಷೆ ಕಂಪನಿಯವರು ಇವತ್ತು ನೋಡೋಕೆ ಬಂದು ಕೂತಿದಾರೆ. ನಮ್ಮ ಸ್ವಿಚ್ಚು ಮತ್ತೆ ಮುನಿಸ್ಕೊಂಡಿದೆ!"

ಸ್ವಿಚ್ಚೆಂದರೆ ಗೋಡೆಯ ಮೇಲಿನ ಗುಂಡಿಯಲ್ಲ. ಕೇಂದ್ರದ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ, ಮುಖದ ತುಂಬ ಹಸಿರು ದೀಪಗಳಿರುವ ಚಪ್ಪಟೆ ಪೆಟ್ಟಿಗೆ. ಅಂಥವುಗಳ ಕಾಯಿಲೆ ನೋಡುವುದೇ ನನ್ನ ಕಸುಬು. ಶಿವಮೊಗ್ಗದ ಸವಳಂಗ ರಸ್ತೆಯ ಗಿರಾಕಿಯೊಬ್ಬರಿಗೆ ಮಧ್ಯಾಹ್ನ ಬರುತ್ತೇನೆಂದು ಹೇಳಿ ಸ್ಕೂಟರನ್ನು ಭದ್ರಾವತಿ ಕಡೆ ತಿರುಗಿಸಿದೆ. ಆ ದಿನದ ಅಣಕು ಪರೀಕ್ಷೆ ಸರಿಯಾಗಿ ನಡೆದರೆ ಕೇಂದ್ರಕ್ಕೆ ಮಾನ್ಯತೆ. ಇಲ್ಲವಾದರೆ ಊರಿನ ಹುಡುಗ ಹುಡುಗಿಯರೆಲ್ಲ ಪರೀಕ್ಷೆಗೆ ಶಿವಮೊಗ್ಗದ ಬಸ್ಸು ಹತ್ತಬೇಕು, ಮೇಡಂ ಬೀಗ ಜಡಿಯಬೇಕು.

ನಾನು ಒಳಗೆ ಕಾಲಿಟ್ಟಾಗ ಎರಡೂ ಹಾಲುಗಳಲ್ಲಿ ಅಭ್ಯರ್ಥಿಗಳು ಕಲ್ಲಾದ ಪರದೆಗಳ ಮುಂದೆ ಕೂತಿದ್ದರು. ಮೇಡಂ ಕೈ ಕರೆಂಟಿನ ಮೇನ್ ಮೇಲಿತ್ತು.

"ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಎದ್ದು ಕೂರುತ್ತೆ ಕಣೆ. ಯಾವಾಗ್ಲೂ ಹಂಗೇ ಮಾಡೋದು."

"ಆಫ್ ಮಾಡಬೇಡಿ ಮೇಡಂ! ಏನಾಯ್ತು ಅಂತ ಅದರ ಹೊಟ್ಟೇಲಿರೋದೆಲ್ಲ ಅಳಿಸಿಹೋಗುತ್ತೆ."

ದಸರಾ ಆದಮೇಲೆ ಆಗಲೇ ಒಮ್ಮೆ ಕರೆದಿದ್ದರು. ನಾನು ಬರುವ ಮೊದಲೇ ಆಫ್ ಮಾಡಿ ಆನ್ ಮಾಡಿದ್ದರಿಂದ ಪೆಟ್ಟಿಗೆ ಮುಂದಿನ ಬೆಂಚಿನ ಜಾಣ ಮಗುವಿನಂತೆ ಕೈಕಟ್ಟಿ ಕೂತಿತ್ತು. ಕೇಳಿದರೆ ಏನೂ ನೆನಪಿಲ್ಲ ಅನ್ನುತ್ತಿತ್ತು. ಮಗು ಅತ್ತ ಕೂಡಲೇ ಬಾಯಿಗೆ ಬೆಲ್ಲ ಇಡಬೇಡ, ಯಾಕತ್ತಿತು ಅಂತ ಮೊದಲು ನೋಡು ಎನ್ನುತ್ತಿದ್ದಳು ನಮ್ಮಜ್ಜಿ. ಈಗ ಅಳು ನಡೆಯುತ್ತಿರುವಾಗಲೇ ಅದು ನನ್ನ ಕೈಗೆ ಸಿಕ್ಕಿತ್ತು.

ಕಂಪನಿಯ ಅಧಿಕಾರಿ ಮುಖ ಗಂಟಿಕ್ಕಿದರು. "ಈ ಕಾಫಿ ಮುಗಿಯೋವರೆಗೆ ಕಾಯ್ತೀನಿ. ಆಮೇಲೆ ಇದ್ದದ್ದು ಇದ್ದಂಗೆ ಬರೀತೀನಿ."

ಮೇಡಂ ಅಟೆಂಡರ್ ಕಡೆ ತಿರುಗಿ, "ಸಾರ್‌ಗೆ ಆ ಕಾಫಿ ಆರಿರುತ್ತೆ. ಬೇರೆ ತಗೊಂಬಾ, ಕುದೀತಿರಬೇಕು, ತುಟಿಗೆ ಇಡೋಕಾಗಬಾರದು" ಎಂದರು.

ಮೊದಲು ದೀಪಗಳನ್ನು ನೋಡಿದೆ. ಸರಿಯಿದ್ದ ಸ್ವಿಚ್ಚಿನಲ್ಲಿ ಅವು ಸಂತೆಯ ಜನರಂತೆ ಒಂದೊಂದು ಒಂದೊಂದು ಲಯದಲ್ಲಿ ಮಿಟುಕುತ್ತವೆ. ಇಲ್ಲಿ ಭಜನೆಯ ತಾಳದಂತೆ ಎಲ್ಲವೂ ಒಟ್ಟಿಗೆ, ಹುಚ್ಚು ವೇಗದಲ್ಲಿ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ಆಮೇಲೆ ಲ್ಯಾಪ್‌ಟಾಪನ್ನು ನೇರ ಪೆಟ್ಟಿಗೆಗೇ ಜೋಡಿಸಿ, ಅದು ತನ್ನೊಳಗೆ ಬರೆದುಕೊಂಡಿದ್ದನ್ನೆಲ್ಲ ಇಳಿಸಿಕೊಂಡೆ. ಸಾಲು ಸಾಲಾಗಿ ಒಂದೇ ದೂರು: ಈಗ ತಂತಿ ಸಿಕ್ಕಿಸುವ ಈ ಬಾಗಿಲಲ್ಲಿ ಕಂಡ ಕಂಪ್ಯೂಟರು ಮರುಕ್ಷಣ ಇನ್ನೊಂದು ಬಾಗಿಲಲ್ಲಿ ಕಾಣುತ್ತಿದೆ. ಹಾಗಾಗಬೇಕಾದರೆ ತಂತಿ ಎಲ್ಲೋ ಸುತ್ತಿಕೊಂಡು ಬಂದು ಉಂಗುರವಾಗಿರಬೇಕು. ಒಳಹೊಕ್ಕ ಸಂದೇಶ ಹೊರಬರಲಾರದೆ ಗಾಣದೆತ್ತಿನಂತೆ ತಿರುಗುತ್ತಿರಬೇಕು.

"ಈಚೆಗೆ ಏನಾದ್ರೂ ಬದಲಾಯಿಸಿದ್ರಾ ಮೇಡಂ?"

"ಏನೂ ಇಲ್ಲ. ದೇವರಾಣೆ."

ಅಷ್ಟರಲ್ಲಿ ಪೆಟ್ಟಿಗೆಯ ನೆತ್ತಿಯ ಮೇಲೆ ಕುಂಕುಮದ ಬೊಟ್ಟು ಕಂಡಿತು.

"ಆಯುಧಪೂಜೆಗೆ ಇದನ್ನ ತೊಳೆದ್ರಾ?"

"ಅದು ಪೂಜೆ ಕಣೆ! ಪೂಜೆ ಹೆಂಗೆ ಬದಲಾವಣೆ ಆಗುತ್ತೆ?"

ಹೊಸ ಕಾಫಿ ತಂದ ಅಟೆಂಡರ್ ಲೋಟ ಕೆಳಗಿಟ್ಟ. "ತೊಳೀಲಿಲ್ಲ ಅಕ್ಕ, ವೈರೆಲ್ಲ ಬಿಚ್ಚಿ ಒರೆಸಿ ಮತ್ತೆ ಹಾಕಿದ್ವಿ. ಪಕ್ಕದ ಹಾಲಿಂದ ಬಂದಿದ್ದು ಒಂದು ವೈರು ತುದಿ ನೇತಾಡ್ತಾ ಇತ್ತು. ಪೂಜೆ ದಿವಸ ಹಂಗೆ ನೇತಾಡಬಾರ್ದು ಅಂತ ಖಾಲಿ ತೂತಿಗೆ ಸಿಕ್ಕಿಸ್ದೆ."

ಅಲ್ಲಿಗೆ ಎಲ್ಲವೂ ಬಿಡಿಸಿಕೊಂಡಿತು. ಪಕ್ಕದ ಹಾಲಿನಲ್ಲೂ ಇಂಥದೇ ಒಂದು ಚಿಕ್ಕ ಪೆಟ್ಟಿಗೆ; ಇಲ್ಲಿಂದ ಅದಕ್ಕೆ ಮೊದಲೇ ಒಂದು ತಂತಿ ಇತ್ತು, ಈಗ ಎರಡಾಗಿ ಉಂಗುರ ಕೂಡಿತ್ತು. ಸ್ವಿಚ್ಚು ನಿಂತಾಗಲೆಲ್ಲ ಇವರು ಮೇನ್ ಆಫ್ ಮಾಡಿ, ದೊಡ್ಡ ಹಾಲಿಗಷ್ಟೇ ಕರೆಂಟು ಕೊಟ್ಟು, ಎಲ್ಲರನ್ನೂ ಅಲ್ಲಿಗೇ ಒತ್ತರಿಸಿ ಕೂರಿಸುತ್ತಿದ್ದರು. ಚಿಕ್ಕ ಪೆಟ್ಟಿಗೆ ಮಲಗಿದರೆ ದೊಡ್ಡದು ಏಳುತ್ತಿತ್ತು. ಇವತ್ತು ಎರಡು ಹಾಲೂ ಬೇಕಿತ್ತು.

ಆ ತಂತಿಯನ್ನು ಎಳೆದೆ. ದೀಪಗಳು ಚೆದುರಿದವು. ಪಕ್ಕದ ಹಾಲಿನಿಂದ "ಬಂತು! ಬಂತು!" ಎಂಬ ಕೂಗೆದ್ದಿತು.

ಅಧಿಕಾರಿ ಇನ್ನೂ ಲೋಟ ಊದುತ್ತಿದ್ದರು. "ಈಗೇನೋ ಬಂತು. ಪರೀಕ್ಷೆ ದಿವಸ ಮತ್ತೆ ನಿಲ್ಲಲ್ಲ ಅನ್ನೋಕೆ ಏನು ಗ್ಯಾರಂಟಿ?"

"ನೋಡಿ ಸಾರ್" ಎಂದು ತಂತಿಯನ್ನು ಮತ್ತೆ ಅದೇ ತೂತಿಗೆ ಸಿಕ್ಕಿಸಿದೆ. ಎಲ್ಲ ಪರದೆಗಳೂ ನಿಂತವು.

"ಅಯ್ಯೋ, ನಿನ್ನ ಕೈಗಿಷ್ಟು!" ಎಂದು ಮೇಡಂ ಹಣೆ ಬಡಿದುಕೊಂಡರು. ಎಳೆದೆ, ಪರದೆಗಳು ಮತ್ತೆ ಓಡಿದವು. ಅಧಿಕಾರಿ ಎದ್ದು ಬಂದು ತಾವೇ ಒಮ್ಮೆ ಸಿಕ್ಕಿಸಿ, ಎಳೆದು ನೋಡಿದರು. ಲ್ಯಾಪ್‌ಟಾಪಿನ ಸಾಲುಗಳನ್ನು ಓದಿದರು. ಆಮೇಲೆ ಅಣಕು ಪರೀಕ್ಷೆಯನ್ನು ಮೊದಲಿನಿಂದ ಶುರು ಮಾಡಿಸಿ, ಮುಗಿಯುವವರೆಗೆ ಎರಡೂ ಹಾಲುಗಳ ನಡುವೆ ಓಡಾಡಿದರು. ಒಂದು ಪರದೆಯೂ ತಡವರಿಸಲಿಲ್ಲ.

ಪೆನ್ನು ತೆರೆಯುತ್ತ ಅವರೆಂದರು: "ಆಯ್ತಮ್ಮ, ಸದ್ಯಕ್ಕೆ ಒಂದು ಹಾಲಿಗೆ ಒಪ್ಪಿಗೆ ಕೊಡ್ತೀನಿ."

ಟೈಪಿಂಗ್ ಕ್ಲಾಸಿನಲ್ಲಿ ನಮ್ಮ ಬೆರಳುಗಳನ್ನು ನಡುಗಿಸುತ್ತಿದ್ದ ದನಿ ಮೇಡಂ ಗಂಟಲಿನಿಂದ ಹೊರಟಿತು.

"ಸಾರ್, ಎರಡು ಹಾಲಲ್ಲೂ ನೀವೇ ನಿಂತು ನೋಡಿದೀರಿ. ಎರಡು ಅಂತ ಬರೀರಿ."

ಅವರು ಎರಡೆಂದೇ ಬರೆದರು.