ಬಣ್ಣದ ತೊಟ್ಟಿಯವನ ಮಗಳ ಬಿಳಿ ಪುಡಿ

ಪ್ರಯೋಗಾಲಯದಲ್ಲಿ ಅವಳಿಗೆ ‘ಪುಡಿ ಮೇಡಂ’ ಎಂದೇ ಹೆಸರು. ಸೀಬೆ ಎಲೆ ಕುದಿಸಿ ಸೋಸುವುದು, ಆ ಕಷಾಯಕ್ಕೆ ಸತುವಿನ ಲವಣ ಹಾಕಿ ಅಂಟಾಗುವ ತನಕ ಕಾಯಿಸುವುದು, ಕುಲುಮೆಯಲ್ಲಿ ಸುಟ್ಟು ಬಿಳಿ ಪುಡಿ ಮಾಡುವುದು. ಪಿಎಚ್‌ಡಿಗೆಂದು ನಾಲ್ಕು ವರ್ಷ ಇದೇ ಗಾಣದೆತ್ತಿನ ಕೆಲಸ. ನೀಲಿ ಬಣ್ಣ ಕದಡಿದ ನೀರಿಗೆ ಆ ಪುಡಿ ಒಂದು ಚಿಟಿಕೆ ಹಾಕಿ ಬಿಸಿಲಿಗಿಟ್ಟರೆ ಗಂಟೆಯೊಳಗೆ ತಿಳಿಯಾಗುತ್ತಿತ್ತು. ನೋಡಿ ನೋಡಿ ಅವಳು ಹಿಗ್ಗಿದ್ದೇ ಹಿಗ್ಗು.

ಗೈಡ್ ಅದಕ್ಕೂ ಕಲ್ಲು ಹಾಕಿದರು. ಶುದ್ಧ ನೀರಿಗೆ ನೀವೇ ಬಣ್ಣ ಹಾಕಿ ನೀವೇ ತೆಗೆದರೆ ಏನು ಬಂತು, ಕಾರ್ಖಾನೆಯ ಮೋರಿ ನೀರಲ್ಲಿ ಮಾಡಿ ತೋರಿಸಿ, ಆಗದಿದ್ದರೆ ಡಿಗ್ರಿ ಇನ್ನೊಂದು ವರ್ಷ ಮುಂದಕ್ಕೆ ಎಂದುಬಿಟ್ಟರು.

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂದಿನ ಮೋರಿಯಿಂದ ಎರಡು ಕ್ಯಾನ್ ಕೆಂಪು ನೀರು ಹೊತ್ತು ತಂದಳು. ಪುಡಿ ಹಾಕಿ ಇಡೀ ದಿನ ಕಾದಳು. ಜಪ್ಪಯ್ಯ ಅಂದರೂ ಬಣ್ಣ ಬಿಡಲಿಲ್ಲ. ಎಲೆ ಬದಲಿಸಿದಳು, ಪುಡಿ ಇಮ್ಮಡಿ ಮಾಡಿದಳು, ಹದಿನೇಳು ಸಲ ಮಾಡಿದಳು. ಹಾಳಾದ್ದು, ಕೆಂಪು ಕೆಂಪಾಗಿಯೇ ಕೂತಿತ್ತು. ಗಡುವು ಮುಗಿದ ದಿನ ಗೈಡ್ ಇನ್ನೊಂದು ವರ್ಷದ ಅರ್ಜಿಗೆ ಸಹಿ ಹಾಕಿದರು.

ಮನೆಗೆ ಬಂದವಳೇ ಚೀಲ ಎಸೆದು ಅಮ್ಮನ ಮೇಲೆ ಹರಿಹಾಯ್ದಳು. ಆ ನೀರಿಗೆ ಏನು ಸುರಿದು ಸಾಯುತ್ತಾರೋ ಪುಣ್ಯಾತ್ಮರು ಎಂದು ಶಪಿಸಿದಳು. ಹಿತ್ತಿಲ ನಲ್ಲಿಯಲ್ಲಿ ಅಪ್ಪ ಕೈ ತೊಳೆಯುತ್ತಿದ್ದ. ಮೂವತ್ತು ವರ್ಷದಿಂದ ಅದೇ ಕಾರ್ಖಾನೆಯಲ್ಲಿ ಬಣ್ಣದ ತೊಟ್ಟಿ ನೋಡಿಕೊಳ್ಳುವವನು ಅವನು.

“ಒಂದು ತೊಟ್ಟಿಗೆ ಮೂರು ಮೂಟೆ ಉಪ್ಪು, ಆಮೇಲೆ ಸೋಡಾ. ಇಲ್ದಿದ್ರೆ ಬಣ್ಣ ನೂಲಿಗೆ ಹಿಡಿಯಲ್ಲ,” ಅಂದ.

ಅಷ್ಟು ಉಪ್ಪು, ಸೋಡಾ ಇರುವ ನೀರಲ್ಲಿ ತನ್ನ ಪುಡಿ ಕೈಕಟ್ಟಿ ಕೂರುತ್ತದೆಂದು ಅವಳಿಗೆ ಗೊತ್ತಿತ್ತು. ಮೊದಲೇ ತಿಳಿದಿದ್ದರೆ ಉಪ್ಪು ತೆಗೆಯುವುದರಿಂದಲೇ ಕೆಲಸ ಶುರುಮಾಡಬಹುದಿತ್ತು. ಒಂದು ವರ್ಷ ಉಳಿಯುತ್ತಿತ್ತು. ಒಂದೇ ಮನೆಯಲ್ಲಿದ್ದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದೆಯಲ್ಲ ಎಂದು ಅಪ್ಪನ ಮೇಲೆ ರೇಗಿದಳು.

ಅಪ್ಪ ನಲ್ಲಿ ನಿಲ್ಲಿಸಿದ.

“ನೀನು ನನಗೆ ರಜಾ ಇದ್ದ ದಿನಾನೇ ನೋಡ್ಕೊಂಡು ನೀರಿಗೆ ಬಂದಿದ್ದೆ. ಒಳಗೆ ನಿಮ್ಮೋರು ಯಾರಾದ್ರೂ ಇದಾರಾ ಅಂತ ವಾಚ್‌ಮನ್ ಕೇಳಿದ್ದಕ್ಕೆ, ಯಾರೂ ಇಲ್ಲ ಅಂದೆಯಂತೆ. ಆ ಹುಡುಗಿ ಮುಖ ಮಾತ್ರ ಥೇಟ್ ನಿಂದೇ ಕಣಯ್ಯಾ ಅಂತ ಅವನು ಮಾರನೇ ದಿನ ಎಲ್ಲರ ಮುಂದೆ ನನಗೆ ಹೇಳಿದ.”