ಹೆಡ್ ಆಫೀಸನ್ನು ಕೇಳದ ಬಳೆ

“ಅಕ್ಕಾ, ಎನಕ್ಕುಂ ಅದೇ ನಂಬರ್ ದಾನ್.”

ಪೆರಿಯನಾಯಕನಪಾಳ್ಯಂನ ಕೊರಿಯರ್ ಕಚೇರಿಯ ಹುಡುಗಿ ತನಗೂ ಅದೇ ನಂಬರೆಂದು ತಮಿಳಿನಲ್ಲಿ ಹೇಳಿ, ನಾನು ಬೆಳಗಿನಿಂದ ಒತ್ತಿ ಸೋತಿದ್ದ ಹೆಡ್ ಆಫೀಸಿನ ಸಹಾಯವಾಣಿಗೇ ತಾನೂ ಫೋನ್ ಹಚ್ಚಿ, ನನ್ನ ಹಾಗೆಯೇ ಸಂಗೀತ ಕೇಳುತ್ತ ಕೂತಳು. ಹೊರಗೆ ಅಷ್ಟು ದೊಡ್ಡ ಕಂಪನಿಯ ಬೋರ್ಡು. ಒಳಗಿದ್ದವಳಿಗೆ ನನ್ನ ಪಾರ್ಸೆಲ್ ಯಾವ ಊರಿನಲ್ಲಿದೆ ಎಂದೂ ಗೊತ್ತಿಲ್ಲ!

ತುಂಬು ಬಸುರಿಯ ಸಿಟ್ಟು, ಚೆನ್ನಾಗಿಯೇ ಬೈದೆ. ಮರುದಿನವೇ ನನಗೆ ಬಳೆ ತೊಡಿಸುವ ಶಾಸ್ತ್ರ. ಕಾಲು ಮುರಿದುಕೊಂಡು ಬರಲಾಗದ ಅಮ್ಮ ತವರೂರು ನೆಗಮಂನಿಂದ ಕಳಿಸಿದ್ದ ಸೀರೆ, ಬಳೆ ಎಲ್ಲ ಅದರಲ್ಲೇ ಇದ್ದವು. ಬಂದಿಲ್ಲವೆಂದು ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಅಳು ಬಂದೇಬಿಟ್ಟಿತು.

ನಮ್ಮ ಕನ್ನಡದ ಮಾತು ಕೇಳಿ ಹುಡುಗಿ ತಲೆಯೆತ್ತಿದಳು. ಎದ್ದು ಬಂದವಳೇ ತನ್ನ ಕೈಯಿಂದ ಎರಡು ಹಸಿರು ಗಾಜಿನ ಬಳೆ ತೆಗೆದು, ನನ್ನ ಊದಿದ ಕೈಗೆ ಮೆಲ್ಲಮೆಲ್ಲನೆ ಏರಿಸಿದಳು. ಈ ಸಲ ತಮಿಳಲ್ಲ, ನಮ್ಮ ಮನೆಯ ಕನ್ನಡದಲ್ಲೇ ಅಂದಳು: “ಅಳ್ಬೇಡಿ ಅಕ್ಕಾ. ಇದುಕ್ಕೆ ಹೆಡ್ ಆಫೀಸ್‌ನ ಕೇಳ್ಬೇಕಾಗಿಲ್ಲೆ.”

ಶಾಸ್ತ್ರ ಮುಗಿದ ಮೇಲೆ ಪಾರ್ಸೆಲ್ ಬಂತು. ಅಮ್ಮನ ಬಳೆಗಳಲ್ಲಿ ಒಂದು ಜೊತೆ ಅವಳಿಗೆಂದು ಎತ್ತಿಟ್ಟಿದ್ದೇನೆ. ಕೊರಿಯರ್ ಮಾಡುವುದಿಲ್ಲ, ಹೆರಿಗೆಯಾದ ಮೇಲೆ ಮಗುವನ್ನು ಎತ್ತಿಕೊಂಡು ಹೋಗಿ ನಾನೇ ತೊಡಿಸಬೇಕು.