ಎಂಟು ತಟ್ಟೆ ಹುಳುವಿನ ಪ್ರಬಂಧ

ವಕ್ಕಲೇರಿ ಕಡೆಯ ರೇಷ್ಮೆ ಮನೆಗಳಲ್ಲಿ ಒಂದು ಕಟ್ಟುಪಾಡಿತ್ತು. ಹುಳು ಹೇಗಿದೆ ಎಂದು ಯಾರೇ ಕೇಳಲಿ, "ಏನೋ ಸುಮಾರು" ಎನ್ನಬೇಕು. ಬೆಳೆ ಮನೆ ತುಂಬಿದರೂ ನಾನು ಮಾಡಿದೆ ಎನ್ನಬಾರದು, ದೃಷ್ಟಿಯಾಗುತ್ತದೆ. ಅಂಥ ಮನೆಯ ಸೊಸೆ ಗಂಗರತ್ನಮ್ಮ ತನ್ನ ಪ್ರಬಂಧವನ್ನೂ ಹಾಗೆಯೇ ಬರೆದಳು.

ಅದು ಮೂವತ್ತೆಂಟನೇ ಇಸವಿ. ಕೋಲಾರದಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ಸೇರಬೇಕಾದರೆ 'ನನ್ನ ಬದುಕಿನ ಒಂದು ದಿನ' ಎಂದು ನಾಲ್ಕು ಪುಟ ಬರೆದು ಒಪ್ಪಿಸಬೇಕಿತ್ತು. ಮುಳಬಾಗಿಲಿನ ತವರಿನಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ್ದ ಗಂಗರತ್ನಮ್ಮನಿಗೆ ಅದೇ ಕೊನೆಯ ಅವಕಾಶ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಒಂದು ಪುಟ ದೇವರಿಗೆ, ಒಂದು ಪುಟ ಹಿರಿಯರಿಗೆ ಕೈಮುಗಿದು, ಉಳಿದೆರಡರಲ್ಲಿ ಹುಳು ಸಾಕುವುದನ್ನು ಬರೆದು, ವಿಶೇಷವೇನೂ ಇಲ್ಲ ಎಂದು ಮುಗಿಸಿದಳು.

ಪ್ರಬಂಧ ತಿದ್ದುತ್ತಿದ್ದವರು ಅಲ್ಲಿನ ಉಪಾಧ್ಯಾಯಿನಿ ಶಾಮಲಮ್ಮ. ಅವರ ಕೆಂಪು ಮಸಿಗೆ ದಾಕ್ಷಿಣ್ಯವೆಂಬುದೇ ಗೊತ್ತಿರಲಿಲ್ಲ. ಮೊದಲೆರಡು ಪುಟಕ್ಕೆ ಅಡ್ಡಗೀಟು ಎಳೆದು, "ಇದರಲ್ಲಿ ನೀವೆಲ್ಲಿದ್ದೀರಿ?" ಎಂದು ಬರೆದಿದ್ದರು. 'ಸುಟ್ಟ ವಾಸನೆ ಮೂರು ದಿನ ನನ್ನ ಕೈಯಲ್ಲಿತ್ತು' ಎಂಬ ಒಂದೇ ಒಂದು ಸಾಲಿಗೆ ಮಾತ್ರ ಅಡಿಗೆರೆ. ಪಕ್ಕದಲ್ಲಿ: "ಏನು ಸುಟ್ಟಿರಿ? ಯಾರೂ ತಡೆಯಲಿಲ್ಲವೇ? ಸೋಮವಾರದೊಳಗೆ ಮತ್ತೆ ಬರೆದು ತನ್ನಿ."

ಗಂಗರತ್ನಮ್ಮನಿಗೆ ಮೈಯೆಲ್ಲ ಉರಿಯಿತು. ಮರುಬೆಳಿಗ್ಗೆ ಸೊಪ್ಪು ಕೊಯ್ಯುವಾಗ ಮಾತ್ರ ಹೊಳೆಯಿತು: ಆಕೆ ಕೇಳಿದ್ದರಲ್ಲಿ ತಪ್ಪೇನಿದೆ? ಹೇಳಬೇಕಾದುದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದವಳು ತಾನೇ.

ಹಿಂದಿನ ವರ್ಷ ಹುಳುಗಳಿಗೆ ರೋಗ ಬಿದ್ದಿತ್ತು. ಎಂಟು ತಟ್ಟೆಗಳಲ್ಲಿ ಹುಳುಗಳು ಹಳದಿಗೆ ತಿರುಗಿದ್ದವು. ಅವನ್ನು ಸುಡದಿದ್ದರೆ ಉಳಿದ ಮೂವತ್ತೂ ಹೋಗುತ್ತವೆ ಎಂದು ಅವಳು ಹೇಳಿದಳು. "ಮನೆ ಲಕ್ಷ್ಮೀನ ಬೆಂಕಿಗೆ ಹಾಕ್ತೀಯೇನಮ್ಮಾ? ಮುಟ್ಬೇಡ!" ಎಂದು ಮಾವ ವೆಂಕಟರಮಣಪ್ಪ ಗದರಿದರು. ಅವರು ಹೊಲಕ್ಕೆ ಹೋದದ್ದೇ ತಡ, ಇವಳು ಹಿತ್ತಿಲಲ್ಲಿ ಬೆಂಕಿ ಹಾಕಿದಳು. ಆ ಸಲ ಓಣಿಯಲ್ಲಿ ಗೂಡು ಕಟ್ಟಿದ್ದು ಅವರ ಮನೆಯ ಹುಳು ಮಾತ್ರ. ಮಾವ ಆಮೇಲೆ ಆ ಮಾತೇ ಎತ್ತಲಿಲ್ಲ.

ಈಗ ಎಲ್ಲವನ್ನೂ ಬರೆದಳು. ಬೆಂಕಿ ಬಂತು, ಅಳು ಬಂತು, 'ನಾನು' ಬಂತು. ಮಾವ ತಡೆದದ್ದು ಮಾತ್ರ ಬರಲಿಲ್ಲ. ಅನ್ನ ಹಾಕಿದ ಮನೆಯ ಯಜಮಾನನ ತಪ್ಪನ್ನು ಕೋಲಾರದವರ ಮುಂದೆ ಇಡುವುದು ಹೇಗೆ? ಇಡದಿದ್ದರೆ ಶಾಮಲಮ್ಮನ ಪ್ರಶ್ನೆ ಹಾಗೇ ಉಳಿಯುತ್ತದೆ, ಸೀಟೂ ಹೋಗುತ್ತದೆ.

ಭಾನುವಾರ ಮಧ್ಯಾಹ್ನ ವೆಂಕಟರಮಣಪ್ಪನವರೇ ಜಗಲಿಯ ಮೇಲೆ ಕೂತು, "ಏನಮ್ಮಾ ಅಷ್ಟು ಬರೀತಿದ್ದೀಯ, ಓದು ನೋಡಾನ" ಎಂದರು. ಅವರಿಗೆ ಅಕ್ಷರ ಬಾರದು. ಅವಳು ಓದಿದಳು. ಬೆಂಕಿಯ ಭಾಗ ಮುಗಿದ ಮೇಲೆ ಅವರು ಎಲೆಗೆ ಸುಣ್ಣ ಸವರುತ್ತ ಕೇಳಿದರು:

"ನಾನೆಲ್ಲಮ್ಮಾ ಇದ್ರಾಗೆ?"

"ಬಿಟ್ಟಿದ್ದೀನಿ, ಮಾವಯ್ಯ."

"ಯಾಕೆ? ಬೇಡ ಅಂತ ಅಂದೋನು ನಾನು. ಅದು ಇಲ್ದಿದ್ರೆ ನೀನು ಮಾಡಿದ್ದು ದೊಡ್ಡದು ಅಂತ ಓದೋರ್ಗೆ ಹೆಂಗೆ ಗೊತ್ತಾಗ್ತದೆ? ಬರಿ. ಹೆಸರು ಹಾಕೇ ಬರಿ."

ಗಂಗರತ್ನಮ್ಮನ ಕಣ್ಣು ತುಂಬಿ ಬಂತು. ಮಾವನ ಬಗ್ಗೆ ಅಷ್ಟು ಹೆಮ್ಮೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಅಲ್ಲೇ ಕೂತು ಬರೆದಳು, ಹೆಸರು ಹಾಕಿಯೇ.

ಎರಡನೇ ಪ್ರತಿ ವಾಪಸು ಬಂದಾಗ ಅದರಲ್ಲಿ ಕೆಂಪು ಗೀಟು ಒಂದೂ ಇರಲಿಲ್ಲ. ಕೊನೆಯಲ್ಲಿ "ಜೂನ್ ಒಂದಕ್ಕೆ ತರಗತಿಗೆ ಬನ್ನಿ" ಎಂದಿತ್ತು.

ಆ ವಾರವೆಲ್ಲ ವೆಂಕಟರಮಣಪ್ಪ ಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದು ಒಂದೇ: "ನನ್ ಸೊಸೆ ಬರ್ದವ್ಳೆ ಕಣೋ, ಮಾವಂದೇ ತಪ್ಪು ಅಂತ. ಕೋಲಾರದೋರೇ ಒಪ್ಪವ್ರೆ!"